ಜ್ವರ ಇಳಿಯುವುದರೊಳಗೆ

ಅವರು ತಾವಿದ್ದ ಮನೆಯನ್ನು ಒಮ್ಮೆಯಾದರೂ ಮನೆಯೆಂದು ಕರೆದದ್ದನ್ನು ನಾನು ಕೇಳಲಿಲ್ಲ. ಬಿಡಾರ ಎನ್ನುತ್ತಿದ್ದರು. "ಬಿಡಾರಕ್ಕೆ ಬನ್ನಿ ಮೇಷ್ಟ್ರೇ, ಚಹಾ ಕುಡಿಯೋಣ." "ಬಿಡಾರದ ಬಾಗಿಲು ಹಾಕ್ಕೊಂಡು ಬಂದ್ನೋ ಇಲ್ವೋ." ಆ ಬಿಡಾರದ ಕಲ್ಲುಗೋಡೆಗಳನ್ನು ಅವರೇ ಎಬ್ಬಿಸಿದ್ದರು, ಅಲ್ಲಿಗೆ ಮದುವೆಯಾಗಿ ಬಂದ ಹೆಂಡತಿಯ ತಲೆ ಅಲ್ಲಿಯೇ ನರೆತಿತ್ತು, ಅಲ್ಲಿ ಹುಟ್ಟಿದ ಒಬ್ಬಳೇ ಮಗಳು ಅಲ್ಲಿಂದಲೇ ಓದಿ, ದಾದಿಯಾಗಿ ಪಟ್ಟಣದ ಆಸ್ಪತ್ರೆಗೆ ಸೇರಿದ್ದಳು. ಅಷ್ಟಾದರೂ ಅದು ಬಿಡಾರವೇ. ಗಡಿಯಾಚೆಯ ತಮ್ಮ ದೇಶ ಕೈತಪ್ಪಿದಾಗ ಹಿಮದ ಕಣಿವೆಗಳನ್ನು ದಾಟಿ ಬಂದು ಈ ಬೆಟ್ಟದ ಇಳಿಜಾರಿನಲ್ಲಿ ನೆಲೆನಿಂತ ಆ ಜನರಲ್ಲಿ ಉಳಿದವರೆಲ್ಲ ಕಾಲಕ್ರಮದಲ್ಲಿ ಅಂಗಳಕ್ಕೆ ಚಪ್ಪಡಿ ಹಾಸಿ, ಬೇಲಿಯ ಬದಿಗೆ ಹಣ್ಣಿನ ಗಿಡ ನೆಟ್ಟು, ಮನೆಯೆಂಬ ಮಾತನ್ನು ನಾಲಗೆಗೆ ಮೆಲ್ಲನೆ ಒಗ್ಗಿಸಿಕೊಂಡಿದ್ದರು. ಇವರ ನಾಲಗೆ ಮಾತ್ರ ಒಗ್ಗಲಿಲ್ಲ.

ನಾನು ಆ ಬೆಟ್ಟಕ್ಕೆ ಮೊದಲ ಸಲ ಹೋದದ್ದು ಮಾತು ಬಿಡುವುದಕ್ಕಾಗಿ. ತರಗತಿಗಳಲ್ಲಿ ವರ್ಷಾನುಗಟ್ಟಲೆ ಕೂಗಿ ಕೂಗಿ ಗಂಟಲೊಳಗೆ ಗಂಟುಗಳೆದ್ದು, ದನಿ ಹರಕು ತಮಟೆಯಂತಾದಾಗ, "ರಜೆ ಮುಗಿಯೋವರೆಗೂ ತುಟಿ ಬಿಚ್ಚಬೇಡಿ, ನಿಮ್ಮನ್ನ ಮಾತಾಡಿಸೋರು ಇಲ್ಲದ ಕಡೆ ಹೋಗಿ ಇದ್ದುಬಿಡಿ" ಎಂದು ವೈದ್ಯರು ಅಪ್ಪಣೆ ಮಾಡಿದ್ದರು. ಅವರ ಅಪ್ಪಣೆಯ ಪೂರ್ವಾರ್ಧವನ್ನು ಮಾತ್ರ ನಾನು ಪಾಲಿಸಿದೆನೆನ್ನಬೇಕು. ಏಕೆಂದರೆ, ನನಗೆ ಮೇಲಿನ ಕೋಣೆಯನ್ನು ಬಿಟ್ಟುಕೊಟ್ಟ ಈ ಮನುಷ್ಯ, ನಾನು ಬಂದ ಸಂಜೆಯೇ ಕೈಯಲ್ಲಿದ್ದ ಸ್ಲೇಟನ್ನೂ ಬಳಪವನ್ನೂ ನೋಡಿ, ಸಂಗತಿ ಏನೆಂದು ತಿಳಿದು, ಅಪಾರವಾಗಿ ಸಂತೋಷಪಟ್ಟರು.

"ನೀವು ಸುಮ್ನಿರಿ ಮೇಷ್ಟ್ರೇ. ನಿಮ್ಮ ಪಾಲಿನ ಮಾತೂ ನಾನೇ ಆಡ್ತೀನಿ."

"ಆಯ್ತು, ದೇವರೇ ಕಳಿಸಿದಾನೆ ಇವರನ್ನ," ಎಂದರು ಒಲೆಯ ಮುಂದಿದ್ದ ಅವರ ಹೆಂಡತಿ. "ಇನ್ನು ನನ್ನ ಕಿವಿಗೆ ರಜಾ."

ಆ ರಜೆಯ ನೆಮ್ಮದಿಯನ್ನು ಈಗಲೂ ಮೈ ನೆನೆಯುತ್ತದೆ. ಬಿಸಿಲು ಎದುರಿನ ಬೆಟ್ಟವನ್ನು ಬಳಸಿ ನನ್ನ ಹಾಸಿಗೆಯ ತುದಿಗೆ ಬರುವ ಹೊತ್ತಿಗೆ, ಕೆಳಗಿನ ರತ್ನಗಂಬಳಿ ನೇಯುವ ಕಾರ್ಖಾನೆಯಲ್ಲಿ ಹೆಂಗಸರು ಮಗ್ಗಕ್ಕೆ ಕೂರುತ್ತಿದ್ದರು. ನೂಲನ್ನು ಬಿಗಿಯಾಗಿ ಕೂರಿಸಲು ಅವರು ಬಡಿಯುವ ಧಡ್ ಧಡ್ ಸದ್ದು, ಗಾಳಿಯಲ್ಲಿ ಒದ್ದೆ ಉಣ್ಣೆಯ ಘಾಟು, ದೂರದಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುವ ಕೂಗು. ಅದಾವುದರಲ್ಲಿಯೂ ನನ್ನಿಂದ ಆಗಬೇಕಾದ್ದೇನೂ ಇರಲಿಲ್ಲ. ಅಂಗಳದ ಬೆಂಚಿನ ಮೇಲೆ ಕೂತು ಒಂದು ಪುಟ ಓದುವುದರಲ್ಲಿ ಬೆಳಗು ಕಳೆಯುತ್ತಿತ್ತು. ಊರಿನಲ್ಲಿ ನಿದ್ದೆಗಾಗಿ ಹೊರಳಾಡುತ್ತಿದ್ದವನು ಇಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ಪರರ ದೇಶದಲ್ಲಿ ನೆಲೆಯಿಲ್ಲದೆ ಬದುಕುವವರ ನಡುವೆ ಹೋಗಿ ನಾನು ಅಷ್ಟು ನಿಶ್ಚಿಂತನಾಗಿ ವಿಶ್ರಮಿಸಿಕೊಂಡೆನಲ್ಲ ಎಂಬುದು ಆಮೇಲೆ, ಬಹಳ ಆಮೇಲೆ, ವಿಚಿತ್ರವಾಗಿ ಕಂಡಿತು.

ಆ ಕಾರ್ಖಾನೆಯಲ್ಲಿ ಉಣ್ಣೆಗೆ ಬಣ್ಣ ಹಾಕುವುದು ಅವರ ಕೆಲಸ. ಹೀಗಾಗಿ ಆ ನಿರಾಶ್ರಿತರ ವಸತಿಯ ಚಿಕ್ಕವರು ದೊಡ್ಡವರೆಲ್ಲರಿಗೂ ಅವರು ಬಣ್ಣದ ಮಾಮ. ದೊಡ್ಡ ಕೊಪ್ಪರಿಗೆಗಳಲ್ಲಿ ಕುದಿಯುವ ನೀರಿಗೆ ಉಣ್ಣೆಯ ಲಡಿಗಳನ್ನು ಇಳಿಬಿಟ್ಟು, ಕೋಲಿನಿಂದ ತಿರುವಿ ತಿರುವಿ, ಎತ್ತಿ, ಹಗ್ಗದ ಮೇಲೆ ಹರವಿ, ಅವರ ಕೈಗಳು ಮಣಿಕಟ್ಟಿನವರೆಗೆ ಸಹಜ ವರ್ಣವನ್ನು ಎಂದೋ ಕಳೆದುಕೊಂಡಿದ್ದವು. ಒಂದು ವಾರ ನೀಲಿ, ಮುಂದಿನ ವಾರ ದಾಳಿಂಬೆಯ ಕೆಂಪು, ನಡುವೆ ಯಾವುದೆಂದು ಹೇಳಲಾಗದ ಒಂದು ಕಂದು. ಒಮ್ಮೆ ಕಾರ್ಖಾನೆ ನೋಡಲು ಬಂದ ದೊಡ್ಡ ಅಧಿಕಾರಿಯೊಬ್ಬರು ಬಿಳಿಯ ದಿರಿಸಿನಲ್ಲಿ ನಿಂತು, ಸಮಾನತೆಯ ಉತ್ಸಾಹದಲ್ಲಿ ಇವರ ಕೈಯನ್ನೇ ಹಿಡಿದು ಕುಲುಕಿ, ಅದೇ ಕೈಯನ್ನು ಭಾಷಣದ ಭರದಲ್ಲಿ ಎದೆಗೆ ಒತ್ತಿಕೊಂಡರಂತೆ. ಐದು ಬೆರಳೂ ಸ್ಪಷ್ಟವಾಗಿ ಮೂಡಿದ ಆ ಕೆಂಪು ಗುರುತಿನ ವಿಷಯ ಅವರಿಗೆ ಹೇಳಲು ಯಾರಿಗೂ ಧೈರ್ಯವಾಗಲಿಲ್ಲವಂತೆ. "ಪಕ್ಕಾ ಬಣ್ಣ ಮೇಷ್ಟ್ರೇ. ಆ ಅಂಗಿ ಹರಿದ್ರೂ ನನ್ನ ಕೈ ಹೋಗಿರಲ್ಲ," ಎಂದು ನಗುತ್ತಿದ್ದರು.

ಅವರ ಕೋಟಿನ ಬಗ್ಗೆ ಹೇಳಬೇಕು. ಅದು ಅವರಿಗಿಂತ ಒಂದು ಗೇಣು ಎತ್ತರದ, ಎರಡು ಪಾಲು ದಪ್ಪದ ಯಾರಿಗೋ ಹೊಲಿದ ಉಣ್ಣೆಯ ಕೋಟು. ಗಡಿ ದಾಟಿ ಬಂದ ಹೊಸದರಲ್ಲಿ ಯಾರೋ ಪುಣ್ಯಾತ್ಮರು ಹಂಚಿದ ಬಟ್ಟೆಯ ರಾಶಿಯಿಂದ ಸಿಕ್ಕಿದ್ದು. ತೋಳುಗಳನ್ನು ಮಡಿಸಿಕೊಂಡು, ಅಂಚು ಮೊಣಕಾಲಿನ ಕೆಳಗೆ ಪಟಪಟ ಬಡಿಯುತ್ತಿರಲು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲವನ್ನೇ ನೋಡುತ್ತ, ಎಡಭುಜವನ್ನು ಮುಂದೆ ಮಾಡಿಕೊಂಡು, ಎದುರುಗಾಳಿ ಇಲ್ಲದಾಗಲೂ ಎದುರುಗಾಳಿಗೆ ಮೈಯೊಡ್ಡಿದವರಂತೆ ಅವರು ನಡೆಯುತ್ತಿದ್ದರು. ಅದನ್ನು ಅಳತೆಗೆ ಕತ್ತರಿಸಿಕೊಡುತ್ತೇನೆಂದು ದರ್ಜಿ ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ; ಅಳತೆಯ ಕೋಟು ತಮ್ಮ ಊರಿಗೆ ಹೋದ ಮೇಲೆ ಹೊಲಿಸುವುದು ಎನ್ನುತ್ತಿದ್ದರು. ಏರುದಾರಿಯಲ್ಲಿ ಎಡೆಬಿಡದೆ ಮಾತಾಡುವರು, ಇಳಿಯುವಾಗ ತುಟಿ ಎರಡು ಮಾಡರು. ಏರುವಾಗ ಮಾತಿದ್ದರೆ ದಣಿವು ತಿಳಿಯುವುದಿಲ್ಲ, ಇಳಿಯುವಾಗ ಮಾತಿದ್ದರೆ ಕಾಲು ತಿಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ.

ಅಡುಗೆಮನೆಯ ಕಿಟಕಿಗೆ ಗಾಜಿರಲಿಲ್ಲ. ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆಯನ್ನು ಮೊಳೆ ಹೊಡೆದು ಬಿಗಿದಿದ್ದರು. ಪ್ರತಿ ಚಳಿಗಾಲವೂ ಅದು ಹರಿಯುವುದು, ಪ್ರತಿ ಬೇಸಿಗೆಯೂ ಅವರು ಹೊಸದನ್ನು ಬಡಿಯುವುದು. ಇರುವ ನಾಲ್ಕು ದಿನಕ್ಕೆ ಗಾಜು ಯಾಕೆ ಎಂಬುದು ಅವರ ವಾದ. ಅಂಗಳದಲ್ಲಿ ಸೊಪ್ಪು ಬೆಳೆಯುತ್ತಿದ್ದರೇ ಹೊರತು ಮರವಾಗುವ ಯಾವ ಗಿಡವನ್ನೂ ನೆಟ್ಟವರಲ್ಲ. ಇದನ್ನೆಲ್ಲ ಅವರ ಹೆಂಡತಿ ದೂರುವ ದನಿಯಲ್ಲಿ ಹೇಳುತ್ತಿರಲಿಲ್ಲ, ಹೊಗೆಗೆ ಕೆಂಪಾದ ಕಣ್ಣುಗಳನ್ನು ಸೆರಗಿನ ತುದಿಯಲ್ಲಿ ಒತ್ತಿಕೊಂಡು, ತಮಾಷೆಯೇನೋ ಎಂಬಂತೆ, "ನಾಳೆ ಬೆಳಿಗ್ಗೆ ಹೊರಡೋರ ಹಾಗೆ ಇಡೀ ಸಂಸಾರ ಮಾಡಿಬಿಟ್ಟೆ ನೋಡಿ ಮೇಷ್ಟ್ರೇ. ಗಂಟು ಕಟ್ಟೋದೊಂದು ಬಾಕಿ," ಎಂದಿದ್ದರು.

ಇದರ ಬೇರು ಎಲ್ಲಿದೆಯೆಂದು ನನಗೆ ತಿಳಿದದ್ದು ಒಂದು ಏರುದಾರಿಯಲ್ಲಿ. ಕೆಳಗಿನ ಪೇಟೆಯಿಂದ ಬಣ್ಣದ ಪುಡಿಯ ಚೀಲ ಹೊತ್ತು ಮರಳುತ್ತಿದ್ದೆವು. ಯಾವುದೋ ಮಾತಿಗೆ ಮಾತು ಬಂದು, ತಮಗೊಬ್ಬಳು ತಂಗಿಯಿದ್ದಾಳೆಂದರು. ಊರು ಬಿಟ್ಟಾಗ ಅವರಿಗಿನ್ನೂ ಮೀಸೆ ಮೂಡಿರಲಿಲ್ಲ. ತಂಗಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನವಳು.

"ಮೈ ಕೆಂಡದ ಹಾಗೆ ಸುಡ್ತಿತ್ತು ಅವಳಿಗೆ. ಇಂಥ ಮಗೂನ ಹೊತ್ಕೊಂಡು ಹಿಮ ದಾಟೋಕಾಗಲ್ಲ ಅಂದ್ರು ದೊಡ್ಡೋರು. ಅಜ್ಜಿ ಹತ್ರ ಬಿಟ್ವಿ. ಹೊರಡೋವಾಗ ಅವಳಿಗೆ ಎಚ್ಚರ ಇತ್ತು ಮೇಷ್ಟ್ರೇ, ಕಣ್ಣು ಬಿಟ್ಕೊಂಡು ನೋಡ್ತಿದ್ಲು. ನಿನ್ನ ಜ್ವರ ಇಳಿಯೋದ್ರೊಳಗೆ ಬಂದ್ಬಿಡ್ತೀನಿ ಅಂದೆ."

ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಒಂದು ತಿರುವು ದಾಟಿದರು. ಆಮೇಲೆ, "ಹೂಂ ಅಂದ್ಲು," ಎಂದರು.

ನಾನು ಸ್ಲೇಟನ್ನು ಚೀಲದಿಂದ ತೆಗೆಯಲಿಲ್ಲ. ಆದರೆ ಅವರ ಬಿಡಾರ, ಅವರ ಕೋಟು, ಅವರ ಕಿಟಕಿ ಎಲ್ಲವೂ ಆ ಒಂದು 'ಹೂಂ' ಮೇಲೆ ನಿಂತಿವೆಯೆಂದು ಅರಿವಾಯಿತು. ಇಲ್ಲಿ ಬೇರುಬಿಟ್ಟರೆ ಅಲ್ಲಿ ಒಂದು ಮಗುವಿಗೆ ಹೇಳಿದ ಮಾತು ಸುಳ್ಳಾಗುತ್ತದೆ. ಅಷ್ಟೇ ಅವರ ತರ್ಕ. ಅದರಲ್ಲಿ ಬಿರುಕು ಹುಡುಕುವುದು ಸುಲಭವಾಗಿರಲಿಲ್ಲ.

ಈ ತರ್ಕದ ಕೊಡಲಿ ಬಿದ್ದದ್ದು ಮಗಳ ಮೇಲೆ. ಆಶ್ರಯ ಕೊಟ್ಟ ದೇಶದ ಸರ್ಕಾರ, ಇಲ್ಲಿಯೇ ಹುಟ್ಟಿದವರು ಬೇಕಿದ್ದರೆ ಇಲ್ಲಿಯ ಪ್ರಜೆಗಳಾಗಬಹುದು, ಹೊರಗಿನಿಂದ ಬಂದವರು ಕೇಳಿದರೆ ಪ್ರಯಾಣದ ಪತ್ರವಾದರೂ ಸಿಗುತ್ತದೆ ಎಂದು ಸಾರಿದಾಗ, ವಸತಿಯಲ್ಲಿ ದೊಡ್ಡ ಚರ್ಚೆಯೆದ್ದಿತಂತೆ. ಬಣ್ಣದ ಮಾಮ ಸಭೆಯಲ್ಲಿ ಎದ್ದು ನಿಂತು, ಈ ಊರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ದಿನವೇ ನಮ್ಮ ಊರಿನ ಬಾಗಿಲು ನಾವೇ ಹಾಕಿಕೊಂಡ ಹಾಗೆ ಎಂದು ಹೇಳಿದ್ದರು. ಬಹಳ ಜನ ತಲೆದೂಗಿದರು. ಕೆಲವರು ಅವರ ಮಾತಿನ ಮೇಲೆಯೇ ಕಾಗದ ಬೇಡವೆಂದರು. ಮಗಳು ಮಾತ್ರ ಹೋಗಿ ಮಾಡಿಸಿಕೊಂಡಳು. ಪ್ರಜೆಗಳಲ್ಲದವರಿಗೆ ಆಸ್ಪತ್ರೆಯಲ್ಲಿ ಕಾಯಂ ಕೆಲಸವಿರಲಿಲ್ಲ.

ಅವರು ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ಮಗಳಿಗೆ ಬಹುವಚನ ಹಚ್ಚಿದರು. ಅಷ್ಟೇ ಮಾಡಿದ್ದು. ನಾನಿದ್ದಾಗ ಒಮ್ಮೆ ಅವಳು ರಜೆಯಲ್ಲಿ ಬಂದಳು. ಕೈಯಲ್ಲಿ ತಾಯಿಗೆಂದು ಕಣ್ಣಿನ ಔಷಧಿ, ತಂದೆಗೆಂದು ಕೆಮ್ಮಿನ ಔಷಧಿ. ಒಳಗೆ ಬಂದ ಅವಳನ್ನು ಕಂಡು ಅವರು ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ," ಎಂದರು. ಹೆಂಡತಿಯ ಕಡೆ ತಿರುಗಿ, "ಅವರು ದೂರದಿಂದ ಬಂದಿದಾರೆ, ಮೊದಲು ಚಹಾ ಕೊಡು," ಎಂದರು. ಕೋಟು ತೊಟ್ಟು ಕಾರ್ಖಾನೆಗೆ ಹೊರಟುಹೋದರು. ಏನೇ ಪುಟ್ಟಿ ಎಂದು ಹೆಗಲ ಮೇಲೆ ಹೊತ್ತು ಬೆಳೆಸಿದ ಕೂಸಿಗೆ ಅಪ್ಪನ ಬಾಯಿಂದ ಬರುವ ಆ ಮರ್ಯಾದೆಗಿಂತ ಕ್ರೂರವಾದದ್ದನ್ನು ನಾನು ಕಲ್ಪಿಸಿಕೊಳ್ಳಲಾರೆ. ಅವಳು ಚಹಾ ಮುಟ್ಟಲಿಲ್ಲ. "ಇನ್ನೂ ಎಷ್ಟು ವರ್ಷ ಅಮ್ಮ, ನಾನು ಅತಿಥಿ?" ಎಂದು ಕೇಳಿದಳು. ತಾಯಿ ಒಲೆಗೆ ಇನ್ನೊಂದು ಸೌದೆ ತುರುಕಿದರು.

ಮುಂದಿನ ಬೇಸಿಗೆಗಳಲ್ಲಿಯೂ ನಾನು ಅಲ್ಲಿಗೆ ಹೋದೆ. ಗಂಟಲು ಗುಣವಾಗಿತ್ತು, ಆದರೂ ಬಣ್ಣದ ಮಾಮನ ಎದುರು ನನಗೆ ಮಾತಿನ ಸರದಿ ಬರುವುದು ಅಪರೂಪವೇ ಆಗಿತ್ತು. ಅಂಥ ಒಂದು ಬೇಸಿಗೆಯಲ್ಲಿ ಕಾರ್ಖಾನೆಯ ಕಚೇರಿಗೆ ದೂರದಿಂದ ಒಂದು ಫೋನು ಬಂತು. ಮಾತಾಡಿದವನು ಅವರು ಎಂದೂ ಕಾಣದ ಸೋದರಳಿಯ. ತಾಯಿಯ ಕಣ್ಣಿನ ಪೊರೆ ತೆಗೆಸಲು ಅಪ್ಪಣೆ ಸಿಕ್ಕಿದೆ, ಪಕ್ಕದ ಬೇರೆ ದೇಶದ ಆಸ್ಪತ್ರೆಗೆ ಕರೆತಂದಿದ್ದೇನೆ, ಕಟ್ಟು ಬಿಚ್ಚುವವರೆಗೆ ಇಲ್ಲಿರುತ್ತೇವೆ, ಆಮೇಲೆ ಹಿಂದಿರುಗಲೇಬೇಕು, ಮತ್ತೆ ಬಿಡುವುದಿಲ್ಲ, ಬನ್ನಿ ಮಾಮ ಎಂದ. ತಂಗಿಯ ಕೈಗೂ ಫೋನು ಕೊಟ್ಟ. ಅಷ್ಟು ವರ್ಷಗಳ ಮೇಲೆ ಕೂಡಿದ ಆ ಎರಡು ದನಿಗಳು "ಕೇಳಿಸ್ತಾ?" "ಕೇಳಿಸ್ತು, ನಿಂಗೆ ಕೇಳಿಸ್ತಾ?" ಎಂದು ಒಂದನ್ನೊಂದು ಕೂಗಿ ಕೇಳುವುದರಲ್ಲೇ ಲೈನು ಹೋಯಿತು.

ಬಸ್ಸಿನಲ್ಲಿ ಎರಡು ದಿನದ ದಾರಿ. ವಸತಿಯ ಎಷ್ಟೋ ಮಂದಿ ಹೋಗಿಬಂದ ದಾರಿ. ಇವರ ಬಳಿ ಕಾಗದವಿರಲಿಲ್ಲ.

ಜೊತೆಗೆ ನಾನೂ ಪಟ್ಟಣದ ಕಚೇರಿಗೆ ಹೋದೆ. ಮೇಜಿನ ಹಿಂದಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ಕೂರಿಸಿ, ನೀರು ಕೊಟ್ಟು, ಸಂಗತಿಯನ್ನೆಲ್ಲ ಕೇಳಿದರು. ಅರ್ಜಿ ಮೇಲಕ್ಕೆ ಹೋಗಬೇಕು, ವಿಚಾರಣೆಯಾಗಬೇಕು, ಎಷ್ಟು ಅವಸರ ಮಾಡಿದರೂ ಮಳೆಗಾಲ ಕಳೆಯುತ್ತದೆ ಎಂದರು. ನಾನು ನನ್ನ ಮೇಷ್ಟ್ರಿಕೆಯ ವಾಗ್ಮಿತೆಯನ್ನೆಲ್ಲ ಖರ್ಚು ಮಾಡಿದೆ. ಅವರು ಕೈಚೆಲ್ಲಿದರು.

"ಇಷ್ಟು ವರ್ಷ ಯಾಕೆ ಮಾಡಿಸ್ಲಿಲ್ಲ ಅಜ್ಜ? ಕೇಳಿದೋರಿಗೆಲ್ಲ ಕೊಟ್ವಲ್ಲ."

ಇವರು ಆ ಭಾರಿ ಕೋಟಿನೊಳಗೆ ಇನ್ನಷ್ಟು ಕುಗ್ಗಿ ಕೂತಿದ್ದರು. ಸಭೆಯಲ್ಲಿ ಎದ್ದು ನಿಂತು ಆಡಿದ ಮಾತನ್ನು ಇಲ್ಲಿಯೂ ಆಡಬಹುದಿತ್ತು. ಆಡಲಿಲ್ಲ. "ಬೇಕಾಗುತ್ತೆ ಅಂತ ಗೊತ್ತಿರ್ಲಿಲ್ಲ ಸ್ವಾಮಿ," ಎಂದರು.

ಆ ದಿನ ಏರುದಾರಿಯ ಉದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ಅವರಿಗೆ ಅಷ್ಟು ಏದುಸಿರು ಬರುತ್ತದೆಂದು ನನಗೆ ಗೊತ್ತಾದದ್ದು ಆವತ್ತೇ.

ಮಗಳನ್ನು ಕರೆಸಿದವರು ತಾಯಿ. ಗಂಡನನ್ನು ಕೇಳಲೂ ಇಲ್ಲ. ಅವಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ಅಡುಗೆಮನೆಯಲ್ಲಿ ಕೂತಳು. ಬಣ್ಣದ ಮಾಮ ಹೊರಗೆ ಅಂಗಳದಲ್ಲಿ ಬಹಳ ಹೊತ್ತು ಅಲೆದಾಡಿ, ಒಳಗೆ ಬಂದು, ಬಾಗಿಲ ಚೌಕಟ್ಟಿಗೆ ನೀಲಿ ಕೈಯನ್ನೂರಿ ನಿಂತರು. ನಾನು ಎದ್ದು ಹೋಗುವವನಿದ್ದೆ. ದಾರಿಗೆ ಅವರೇ ಅಡ್ಡವಾಗಿದ್ದರು.

"ನೀನು ಹೋಗಿ ಬರ್ತೀಯೇನೇ?" ಎಂದರು.

ಆ 'ನೀನು' ಕಿವಿಗೆ ಬಿದ್ದದ್ದೇ ಮಗಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. "ಹೋಗ್ತೀನಪ್ಪ. ಅದಕ್ಕೇ ರಜಾ ಹಾಕಿ ಬಂದಿದೀನಿ. ಅತ್ತೆಗೆ ಏನು ಹೇಳ್ಲಿ?"

"ಜ್ವರ ಇಳೀತಾ ಅಂತ ಕೇಳು."

ಅವಳು ಮರುದಿನವೇ ಹೊರಟಳು. ಅವಳಿಲ್ಲದ ಆ ದಿನಗಳಲ್ಲಿ ಅವರು ಕೆಲಸಕ್ಕೆ ಹೋಗುವರು, ಬರುವರು, ಉಣ್ಣುವರು. ಆದರೆ ಕಾರ್ಖಾನೆಯ ಹೆಂಗಸರು ಎರಡು ಸಲ ಲಡಿಗಳನ್ನು ಹಿಂದಕ್ಕೆ ಕಳಿಸಿದರು, ಒಂದೇ ಕೊಪ್ಪರಿಗೆಯ ಕೆಂಪಿನಲ್ಲಿ ಮೂರು ತರದ ಕೆಂಪು ಬಂದಿತ್ತು. ಮಗಳು ಹಿಂದಿರುಗಿದಾಗ ಅವಳ ಕೈಚೀಲವನ್ನು ಇಳಿಸುವುದಕ್ಕೂ ಬಿಡದೆ ಎದುರು ಕೂತರು. ಕಣ್ಣು ಚೆನ್ನಾಗಿ ಬಂದಿದೆ, ಅತ್ತೆ ತನ್ನನ್ನು ಮುಟ್ಟಿ ಮುಟ್ಟಿ ನೋಡಿದರು, ಮೊಮ್ಮಕ್ಕಳಿದ್ದಾರೆ, ಬಾಯಿ ತುಂಬ ಮಾತು, ನಡೆಯುವಾಗ ಎಡಭುಜ ಮುಂದೆ, ಥೇಟ್ ನಿನ್ನ ಹಾಗೇ ಎಂದೆಲ್ಲ ಅವಳು ಹೇಳಿದಳು.

"ಕೇಳಿದ್ಯಾ?"

ಅವಳು ತಾಯಿಯ ಕಡೆ ಒಮ್ಮೆ ನೋಡಿದಳು. ರೋಗಿಗಳ ಹತ್ತಿರ ಇದ್ದದ್ದನ್ನು ಇದ್ದಂತೆ ಹೇಳಿ ಅಭ್ಯಾಸವಾದವಳು. ಆದರೂ ಆ ಗಳಿಗೆ ಅವಳಿಗೆ ಹಗುರವಾಗಿರಲಿಲ್ಲ.

"ಕೇಳಿದೆ ಅಪ್ಪ. ಯಾವ ಜ್ವರ ಅಂದ್ರು."

"ಯಾವ ಜ್ವರ ಅಂದ್ಲಾ?"

"ನೆನಪಿಲ್ವಂತೆ. ನೀವೆಲ್ಲ ಹೊರಟಿದ್ದೂ ನೆನಪಿಲ್ಲ, ನೀನು ಏನೋ ಹೇಳಿದ್ದೂ ನೆನಪಿಲ್ಲ. ಚಿಕ್ಕೋಳಲ್ವಾ ನಾನು ಅಂದ್ರು. ಅಜ್ಜಿ ದಿನಾ ದೀಪ ಹಚ್ಚುವಾಗ, ಆ ಕಡೆ ಹೋದೋರು ಅಲ್ಲೇ ಒಂದು ಮನೆ ಮಾಡ್ಕೊಂಡು ಸುಖವಾಗಿರ್ಲಿ ಅಂತ ಬೇಡ್ಕೊಳ್ತಿದ್ರಂತೆ. ಇವರೂ ಅದನ್ನೇ ಬೇಡ್ಕೊಂಡು ಬಂದ್ರಂತೆ."

ಬಣ್ಣದ ಮಾಮ ತಮ್ಮ ಕೈಗಳನ್ನು ಮಗುಚಿ ಅಂಗೈ ನೋಡಿಕೊಂಡರು, ಮತ್ತೆ ಮಗುಚಿದರು. "ಹಾಗಾದ್ರೆ ನಾನೊಬ್ನೇ ನೆನಪಿಟ್ಕೊಂಡಿದ್ದು," ಎಂದರು. ನಗುವ ಪ್ರಯತ್ನ ಮಾಡಿದರು. ಅದು ಕೆಮ್ಮಾಗಿ ಹೊರಬಂತು. ಮಗಳು ಬೆನ್ನು ನೀವಿದಳು. ಅವರ ಹೆಂಡತಿ ಎದ್ದು ಹೊರಗೆ ಹೋದರು. ಹಿಂದೆ ಹೋದ ನನಗೆ ಅವರು ಒಗೆಯುವ ಕಲ್ಲಿನ ಮೇಲೆ ಕೂತದ್ದು ಕಂಡಿತು. ಅವರ ಕಣ್ಣುಗಳು ಒಣಗಿದ್ದವು. ಕಡುಸಿಟ್ಟಿನಲ್ಲಿದ್ದರು. "ಆ ಮಗು ಮರೆತೇಬಿಟ್ಟಿದೆ ಮೇಷ್ಟ್ರೇ. ನಾನು ಇಲ್ಲಿ ಇಡೀ ಆಯಸ್ಸು ಅದರ ಜ್ವರಕ್ಕೆ ಪಥ್ಯ ಮಾಡಿದೆ."

ಪ್ರಯಾಣದ ಪತ್ರ ಮಳೆಗಾಲ ಕಳೆದ ಮೇಲೆ ಬಂತು. ತಂಗಿ ಗಡಿ ದಾಟಿ ಹೋಗಿ ಆಗಲೇ ಬಹಳ ದಿನವಾಗಿತ್ತು. ಅದನ್ನು ಕೈಗೆ ತೆಗೆದುಕೊಂಡು, ಒಳಗಿದ್ದ ತಮ್ಮ ಭಾವಚಿತ್ರವನ್ನು ನೋಡಿ, "ಇವನು ಯಾರೋ ಮುದುಕ," ಎಂದರಂತೆ.

ಆಮೇಲೆ ಅವರು ಮಾಡಿದ ಕೆಲಸವೊಂದನ್ನು ಹೇಳದಿದ್ದರೆ ಈ ಚಿತ್ರ ಅರೆಯಾಗುತ್ತದೆ. ತಮ್ಮ ಮಾತಿನ ಮೇಲೆ ಕಾಗದ ಬೇಡವೆಂದಿದ್ದ ಒಬ್ಬೊಬ್ಬರ ಮನೆಗೂ ಹೋದರು. ಜಗಲಿಯಲ್ಲಿ ಕೂತು, ನಾನು ಅಂದು ಹೇಳಿದ್ದು ತಪ್ಪು, ಮಾಡಿಸಿಕೊಳ್ಳಿ ಎಂದರು. ಕೆಲವರು ನಕ್ಕು ಚಹಾ ಕೊಟ್ಟರು. ಅವರ ಜೊತೆಗೇ ಹಿಮ ದಾಟಿ ಬಂದ ಗೆಳೆಯ, ಕಾರ್ಖಾನೆಯ ಬಡಗಿ, ನಗಲಿಲ್ಲ. ಆ ಬಡಗಿಯ ಮಗನಿಗೆ ಹೊರದೇಶದಲ್ಲಿ ಓದುವ ಅವಕಾಶವೊಂದು ಕಾಗದವಿಲ್ಲದೆ ತಪ್ಪಿತ್ತು.

"ಬೇಡ ಅಂದೋನು ನೀನೇ ಅಲ್ವಾ?"

"ಹೌದು, ನಾನೇ."

"ಈಗ ಬೇಕು ಅಂತ ಹೇಳೋಕೆ ಬಂದಿದೀಯ."

"ಹೌದು."

ಬಡಗಿ ಉಳಿಯನ್ನು ಕೆಳಗಿಡದೆ, "ಸರಿ, ಹೇಳಿಯಾಯ್ತಲ್ಲ, ಹೊರಡು," ಎಂದನಂತೆ. ಅಷ್ಟಕ್ಕೆ ಎದ್ದುಬಂದರು. ಮಾರನೆಯ ವಾರ ಮತ್ತೆ ಹೋದರು, ಅದರ ಮಾರನೆಯ ವಾರವೂ. ಬಡಗಿಯ ಮನಸ್ಸು ಕರಗಲಿಲ್ಲ. ಇವರು ಹೋಗುವುದನ್ನೂ ಬಿಡಲಿಲ್ಲ; ಹಟದ ಮನುಷ್ಯ ತನ್ನ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಅದೇ ಹಟವನ್ನು ಬಳಸುತ್ತಾನೆ. ಎರಡು ಚಳಿಗಾಲಗಳ ಮೇಲೆ ಎದೆಯ ಕೆಮ್ಮು ಅವರನ್ನು ತೆಗೆದುಕೊಂಡು ಹೋಯಿತು. ಕೊನೆಯವರೆಗೂ ಹಾಸಿಗೆಯ ಪಕ್ಕದಲ್ಲಿ ಮಗಳಿದ್ದಳು. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಡಿದ ಮಾತಿಗೆ ಕಟ್ಟುಬಿದ್ದು ಬದುಕುವವರನ್ನು ನಾವು ದೂರದಿಂದ ಕೊಂಡಾಡುತ್ತೇವೆ, ಮಕ್ಕಳಿಗೆ ಅವರ ಕಥೆ ಹೇಳುತ್ತೇವೆ. ಅಂಥ ಒಬ್ಬರ ಸೂರಿನಡಿಯಲ್ಲಿ ಕೆಲವು ಬೇಸಿಗೆಗಳನ್ನು ಕಳೆದ ಮೇಲೆ ನನಗೆ ಅಷ್ಟು ಸುಲಭವಾಗಿ ಕೊಂಡಾಡಲು ಬಾಯಿ ಬರುವುದಿಲ್ಲ. ಹಳಿಯಲು ಅದಕ್ಕಿಂತಲೂ ಬಾರದು. ಅವರ ನಿಷ್ಠೆ ಅಪ್ಪಟವಾದದ್ದೇ. ಆದರೆ ಆ ನಿಷ್ಠೆ ಯಾವಾಗಲೋ ಮನುಷ್ಯರನ್ನು ಬಿಟ್ಟು ಒಂದು ಗಳಿಗೆಗೆ ಸಲ್ಲತೊಡಗುತ್ತದೆ. ಆ ಗಳಿಗೆಯಲ್ಲಿದ್ದ ಮಗು ಎದ್ದು, ಆಡಿ, ಬೆಳೆದು, ಮುದುಕಿಯಾಗಿ, ಮರೆತು ನಡೆದಿರುತ್ತದೆ; ಇವರು ಮಾತ್ರ ಆ ಹಾಸಿಗೆಯ ಬಳಿಯಿಂದ ಕದಲುವುದಿಲ್ಲ. ಇಂಥವರು ಹಾಗೆ ಆಚೆಗೆ ಮುಖ ಮಾಡಿ ಕೂತಿರುವಷ್ಟು ಕಾಲವೂ ಅವರ ಬೆನ್ನ ಹಿಂದೆ ಒಂದು ಇಡೀ ಸಂಸಾರ, ಅವರು ಒಮ್ಮೆ ಈ ಕಡೆ ನೋಡಲಿ ಎಂದು ಕಾದಿರುತ್ತದೆ. ಕೆಲವರು ನೋಡುವುದೇ ಇಲ್ಲ. ನೋಡಿದವರು ಕೂಡ, ನಾನು ಕಂಡಮಟ್ಟಿಗೆ, ತುಸು ತಡವಾಗಿಯೇ ನೋಡುತ್ತಾರೆ.